ಬಿಟ್ಟಿ ಕೋಡು, ಬಿಗಿ ಷರತ್ತು

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್ ಫೋನ್’ ಒತ್ತಿದರೆ ಕಾನೂನು ಮಾಹಿತಿ ಎಂಬ ಒಂದು ಸಾಲು ಸಿಗುತ್ತದೆ. ಐಫೋನಿನಲ್ಲಿ ‘ಜನರಲ್’ ಎಂಬಲ್ಲಿ ಅದೇ ಬಗೆಯ ಪುಟವಿದೆ. ಬ್ಯಾಂಕಿನ ಆ್ಯಪ್, ಊಟ ತರಿಸುವ ಆ್ಯಪ್, ಹಾಡು ಕೇಳುವ ಆ್ಯಪ್ ಯಾವುದನ್ನೇ ತೆಗೆದುಕೊಳ್ಳಿ, ಅದರ ಮೂಲೆಯಲ್ಲೂ ‘ಓಪನ್ ಸೋರ್ಸ್ ಲೈಸೆನ್ಸಸ್’ ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ತೆರೆದರೆ ಬೆರಳು ಸೋಲುವಷ್ಟು ಉದ್ದದ ಇಂಗ್ಲಿಷ್ ಬರಹ. ನಾವೆಂದೂ ಕೇಳಿರದ ಜನರ ಹೆಸರು, ಅದರ ಮುಂದೆ ಇಸವಿ, ಕೆಳಗೆ ದೊಡ್ಡಕ್ಷರಗಳ ಕಾನೂನಿನ ಪ್ಯಾರಾ. ಮತ್ತೆ ಇನ್ನೊಂದು ಹೆಸರು, ಇನ್ನೊಂದು ಪ್ಯಾರಾ. ಬಹುತೇಕ ಎಲ್ಲರೂ ಒಮ್ಮೆ ಅಕಸ್ಮಾತ್ತಾಗಿ ಈ ಪುಟಕ್ಕೆ ಹೋಗಿ, ಹಿಂದಕ್ಕೆ ಬಂದಿರುತ್ತಾರೆ.

ಆ ಪುಟಗಳಲ್ಲಿ ಪದೇ ಪದೇ ಕಾಣುವ ಒಂದು ಹೆಸರು ಡೇನಿಯಲ್ ಸ್ಟೆನ್‌ಬರ್ಗ್. ಇವರು ಸ್ವೀಡನ್ನಿನ ಪ್ರೋಗ್ರಾಮರ್. ಇಂಟರ್ನೆಟ್ಟಿನಿಂದ ಮಾಹಿತಿ ತರುವ, ಅಲ್ಲಿಗೆ ಕಳಿಸುವ ‘ಕರ್ಲ್’ ಎಂಬ ತಂತ್ರಾಂಶವನ್ನು 1998ರಲ್ಲಿ ಹೊರತಂದು, ಇಂದಿಗೂ ಅದನ್ನು ನೋಡಿಕೊಳ್ಳುತ್ತಿದ್ದಾರೆ. ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ಆ ಕೋಡು ಕೋಟ್ಯಂತರ ಫೋನು, ಟಿವಿ, ಕಾರುಗಳ ಒಳಗೆ ಕೂತಿದೆ. ಕರ್ಲ್‌ನ ಪರವಾನಗಿ ಪತ್ರದ ಆರಂಭದಲ್ಲೇ ಅವರ ಹೆಸರೂ ಇಮೇಲ್ ವಿಳಾಸವೂ ಇವೆ. ಹಾಗಾಗಿ ಕಾರಿನ ಪರದೆ ಕೈಕೊಟ್ಟವರು, ಇನ್‌ಸ್ಟಾಗ್ರಾಮ್ ಖಾತೆ ಕಳೆದುಕೊಂಡವರು, ಆ ಪುಟದಲ್ಲಿ ಕಂಡ ಹೆಸರು, ವಿಳಾಸ ಹಿಡಿದು ಅವರಿಗೆ ಬರೆಯುತ್ತಾರೆ. ಕೆಲವರು ಸಹಾಯ ಕೇಳುತ್ತಾರೆ, ಕೆಲವರು ನೀನೇ ಹ್ಯಾಕ್ ಮಾಡಿದವನು ಎಂದು ಬೈಯುತ್ತಾರೆ. ಇಂಥ ಪತ್ರಗಳನ್ನು ಸ್ಟೆನ್‌ಬರ್ಗ್ ಪ್ರಕಟಿಸಿದ್ದಾರೆ.

ಕೋಡು ಬಿಟ್ಟಿ, ಆ್ಯಪ್ ಕಂಪನಿಯ ಸ್ವತ್ತು. ಅದರ ಒಂದು ಸಾಲು ಕೋಡನ್ನೂ ಹೊರಗಿನವರಿಗೆ ತೋರಿಸದಷ್ಟು ಗುಟ್ಟು ಕಾಯುವ ಕಂಪನಿಗಳು ಅಪರಿಚಿತರ ಹೆಸರನ್ನು ಮಾತ್ರ ತಮ್ಮ ಆ್ಯಪ್‌ನೊಳಗೆ ಜತನದಿಂದ ಇಟ್ಟುಕೊಂಡಿವೆ. ಆ ಪುಟವನ್ನು ಕಿತ್ತು ಹಾಕಿದರೆ ಏನಾಗುತ್ತದೆ?

ಒತ್ತಕ್ಷರದ ಹಿಂದೆ

ಮೊದಲು ಆ್ಯಪ್ ಒಂದರಲ್ಲಿ ಯಾರ ಕೋಡು ಎಷ್ಟಿರುತ್ತದೆ ಎಂದು ನೋಡೋಣ. ಆಂಡ್ರಾಯ್ಡ್ ಫೋನಿನಲ್ಲಿ ‘ರಾಷ್ಟ್ರ’ ಎಂದು ಟೈಪ್ ಮಾಡಿದಾಗ ಫೋನಿಗೆ ಸಿಗುವುದು ಒಂದರ ಪಕ್ಕ ಒಂದು ನಿಂತ ಬಿಡಿ ಸಂಕೇತಗಳಷ್ಟೇ. ಷಕಾರದ ಅಡಿಗೆ ಟಕಾರ ಒತ್ತಾಗಿ ಇಳಿಯಬೇಕು, ಅದರ ಬಳಿ ರಕಾರದ ಒತ್ತು ಬರಬೇಕು ಎಂದು ಲೆಕ್ಕ ಹಾಕುವುದು ‘ಹಾರ್ಫ್‌ಬಜ್’ ಎಂಬ ತಂತ್ರಾಂಶ. ಅಕ್ಷರದ ಗೆರೆಗಳನ್ನು ಪರದೆಯ ಚುಕ್ಕಿಗಳಾಗಿ ಮಾಡುವುದು ‘ಫ್ರೀಟೈಪ್’. ಅಕ್ಷರಗಳ ಆಕಾರ ಬಹಳಷ್ಟು ಫೋನುಗಳಲ್ಲಿ ‘ನೋಟೊ ಸಾನ್ಸ್ ಕನ್ನಡ’ ಎಂಬ ಫಾಂಟಿನದು. ಮೂರೂ ಮುಕ್ತವಾಗಿ ಹಂಚಲಾದವು. ಮೂರಕ್ಕೂ ಬೇರೆ ಬೇರೆ ಪರವಾನಗಿ ಪತ್ರಗಳಿವೆ, ಫಾಂಟಿಗೂ ಒಂದಿದೆ. ಫೋನಿನಲ್ಲಿ ನಾವು ಓದುವ ಪ್ರತಿ ಕನ್ನಡ ಸಾಲಿನ ಹಿಂದೆ ಇಂಥ ಜನರ ಕೆಲಸವಿದೆ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಂಡಿಲ್ಲ.

ಒಂದು ನಿರ್ದಿಷ್ಟ ಕೆಲಸಕ್ಕೆಂದು ಬರೆದಿಟ್ಟ, ಬೇರೆಯವರು ತಮ್ಮ ತಂತ್ರಾಂಶಕ್ಕೆ ಸೇರಿಸಿಕೊಳ್ಳಬಹುದಾದ ಇಂಥ ಸಿದ್ಧ ಕೋಡನ್ನು ‘ಲೈಬ್ರರಿ’ ಎನ್ನುತ್ತಾರೆ. ಆ್ಯಪ್ ಬರೆಯುವವರು ಸರ್ವರ್ ಜತೆ ಮಾತಾಡಲು ‘ಓಕೆ-ಎಚ್‌ಟಿಟಿಪಿ’ ಸೇರಿಸುತ್ತಾರೆ, ಚಿತ್ರ ತೋರಿಸಲು ‘ಗ್ಲೈಡ್’, ಫೋನಿನೊಳಗೆ ಮಾಹಿತಿ ಜೋಡಿಸಿಡಲು ‘ಎಸ್‌ಕ್ಯುಲೈಟ್’. ಸೇರಿಸುವುದೆಂದರೆ ಒಂದು ಕಡತದಲ್ಲಿ ಲೈಬ್ರರಿಯ ಹೆಸರು ಮತ್ತು ಆವೃತ್ತಿಯ ಸಂಖ್ಯೆ ಇರುವ ಒಂದು ಸಾಲು ಬರೆಯುವುದು, ಅಷ್ಟೇ. ಆ ಸಾಲು ಕರೆತಂದ ಲೈಬ್ರರಿ ತನಗೆ ಬೇಕಾದ ಮತ್ತಷ್ಟು ಲೈಬ್ರರಿಗಳನ್ನು ಕರೆತರುತ್ತದೆ, ಅವು ಇನ್ನಷ್ಟನ್ನು. ಹತ್ತು ಸಾಲು ಬರೆದವರ ಆ್ಯಪ್‌ನೊಳಗೆ ನೂರು ಲೈಬ್ರರಿಗಳು ಬಂದು ಕೂತಿರುವುದು ಅಪರೂಪವಲ್ಲ. ತೊಂಬತ್ತರ ಹೆಸರನ್ನೂ ಅವರು ಕೇಳಿರುವುದಿಲ್ಲ.

ಕಾಯ್ದೆ ಮೊದಲು ಹೇಳುವುದು ‘ಕೂಡದು’

ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟ ಕೋಡನ್ನು ಎಲ್ಲರೂ ಬಳಸಬಹುದು ಎಂಬ ನಂಬಿಕೆ ಕಾಲೇಜು ಬಿಟ್ಟು ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಲ್ಲಿ ಬಲವಾಗಿದೆ. ಕಾನೂನಿನ ಮಾತು ಇದಕ್ಕೆ ಪೂರ್ತಿ ವಿರುದ್ಧ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಮ್ ಒಂದು ಸಾಹಿತ್ಯಕೃತಿ. ಕಾದಂಬರಿಗೆ ಸಿಗುವ ರಕ್ಷಣೆ ಕೋಡಿಗೂ ಸಿಗುತ್ತದೆ. ನೋಂದಣಿ ಬೇಕಿಲ್ಲ, ಅರ್ಜಿ ಬೇಕಿಲ್ಲ. ಬರೆದ ಕ್ಷಣದಿಂದ ಹಕ್ಕು ಹುಟ್ಟುತ್ತದೆ, ಬರೆದವರು ತೀರಿಕೊಂಡ ಮೇಲೂ 60 ವರ್ಷ ಉಳಿಯುತ್ತದೆ. ನಕಲು ಮಾಡುವುದು, ತಿದ್ದುವುದು, ಹಂಚುವುದು ಎಲ್ಲವೂ ಹಕ್ಕುದಾರರಿಗೆ ಮೀಸಲು. ಕೃತಿಸ್ವಾಮ್ಯದ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲೆಲ್ಲ ಮೂಲ ನಿಯಮ ಇದೇ.

ಹಾಗಾಗಿ ಕೋಡು ಹಂಚಿಕೊಳ್ಳುವ ಗಿಟ್‌ಹಬ್ ತಾಣದಲ್ಲಿ ಪರವಾನಗಿಯ ಕಡತವೇ ಇಲ್ಲದ ಒಂದು ಲೈಬ್ರರಿ ಕಂಡರೆ ಅದನ್ನು ಸಂಪೂರ್ಣ ಸ್ವತಂತ್ರ ಕೋಡು ಎಂದು ತಿಳಿಯಬಾರದು. ಎಲ್ಲಕ್ಕಿಂತ ಬಿಗಿಯಾಗಿ ಮುಚ್ಚಿದ ಕೋಡು ಅದು, ಏಕೆಂದರೆ ಕಾಯ್ದೆಯ ‘ಕೂಡದು’ ಅಲ್ಲಿ ಹಾಗೇ ಉಳಿದಿದೆ. ಓದಬಹುದು, ನಿಮ್ಮ ಆ್ಯಪ್‌ಗೆ ಸೇರಿಸಿ ಹಂಚುವಂತಿಲ್ಲ. ಮುಕ್ತ ತಂತ್ರಾಂಶದ ಪರವಾನಗಿ ಎಂದರೆ ಆ ‘ಕೂಡದು’ ಎಂಬುದನ್ನು ಹಕ್ಕುದಾರರೇ ‘ಆಗಬಹುದು, ಆದರೆ’ ಎಂದು ಬದಲಾಯಿಸುವ ಪತ್ರ.

ಮುಚ್ಚದ ಉಣುಗೋಲು

ಇಡೀ ವಿಷಯ ನಿಂತಿರುವುದು ಆ ‘ಆದರೆ’ ಎಂಬ ಮಾತಿನ ಮೇಲೆ. ಮಲೆನಾಡಿನ ತೋಟಗಳ ಬೇಲಿಯಲ್ಲಿ ದಾರಿ ಬಿಟ್ಟ ಕಡೆ ಬಿದಿರಿನ ಗಳುಗಳನ್ನು ಅಡ್ಡ ಸೇರಿಸಿ ಉಣುಗೋಲು ಹಾಕಿರುತ್ತಾರೆ. ತೋಟದ ಯಜಮಾನರು ನೆರೆಯವರಿಗೆ, ‘ನಮ್ಮ ತೋಟದಲ್ಲೇ ಹಾದು ಹೋಗಿ, ಆದರೆ ಉಣುಗೋಲು ಹಾಕಿಕೊಂಡು ಹೋಗಿ’ ಎಂದು ಹೇಳಿದರೆನ್ನಿ. ಕಾಸು ಕೇಳಲಿಲ್ಲ. ನೆರೆಯವರು ಗಳು ಸರಿಸಿ ಹಾಗೇ ಬಿಟ್ಟುಹೋಗುವ ಚಾಳಿ ಹಿಡಿದರು, ದನ ನುಗ್ಗಿತು. ಈಗ ಅವರ ತಪ್ಪನ್ನು ಎರಡು ಬಗೆಯಲ್ಲಿ ನೋಡಬಹುದು. ಒಂದು: ಓಡಾಡುವ ಹಕ್ಕು ಅವರಿಗೆ ಇದ್ದೇ ಇದೆ, ಕೊಟ್ಟ ಮಾತು ತಪ್ಪಿದರು, ದನ ತಿಂದ ಫಸಲಿನ ನಷ್ಟ ಕಟ್ಟಿಕೊಡಲಿ. ಇನ್ನೊಂದು: ಉಣುಗೋಲು ಹಾಕುವವರಿಗೆ ಮಾತ್ರ ಅನುಮತಿ ಇತ್ತು, ಹಾಕದವರಿಗೆ ಅನುಮತಿಯೇ ಇರಲಿಲ್ಲ, ಆದ್ದರಿಂದ ಅದು ಅತಿಕ್ರಮ ಪ್ರವೇಶ.

ಮೊದಲ ಬಗೆಯಲ್ಲಿ ನೋಡಿದರೆ ಬಿಟ್ಟಿ ಕೋಡು ಬರೆದವರಿಗೆ ಏನೂ ಗಿಟ್ಟುವುದಿಲ್ಲ. ಬೆಲೆಯೇ ಇಲ್ಲದ ವಸ್ತುವಿಗೆ ನಷ್ಟದ ಲೆಕ್ಕ ಹೇಗೆ ಹಾಕುವುದು? ಎರಡನೆಯ ಬಗೆಯಲ್ಲಿ ನೋಡಿದರೆ ಹಂಚಿದ ಪ್ರತಿಯೊಂದು ಆ್ಯಪ್ ಕೂಡ ಕೃತಿಸ್ವಾಮ್ಯದ ಉಲ್ಲಂಘನೆ, ಕೋರ್ಟು ಹಂಚಿಕೆಯನ್ನೇ ನಿಲ್ಲಿಸಬಹುದು. ಈ ಎರಡರ ನಡುವಿನ ಆಯ್ಕೆ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದದ್ದು ಆಟದ ರೈಲಿನಿಂದ.

ರಾಬರ್ಟ್ ಜೇಕಬ್‌ಸನ್ ಬರ್ಕ್ಲಿಯ ಭೌತಶಾಸ್ತ್ರಜ್ಞ. ಮಾದರಿ ರೈಲುಗಳನ್ನು ಕಂಪ್ಯೂಟರಿನಿಂದ ಓಡಿಸುವ ಹವ್ಯಾಸಿಗಳು ಸೇರಿ ಬರೆದ ಮುಕ್ತ ತಂತ್ರಾಂಶವೊಂದರ ಮುಂದಾಳು. ಅದರ ಕೆಲವು ಕಡತಗಳನ್ನು ಮ್ಯಾಥ್ಯೂ ಕಾಟ್ಜರ್ ಎಂಬವರ ಕಂಪನಿ ತನ್ನ ಮಾರಾಟದ ತಂತ್ರಾಂಶಕ್ಕೆ ಸೇರಿಸಿಕೊಂಡಿತು. ಬರೆದವರ ಹೆಸರು, ಕೃತಿಸ್ವಾಮ್ಯದ ಸೂಚನೆ, ಮೂಲ ಎಲ್ಲಿಯದು, ಏನು ತಿದ್ದಲಾಗಿದೆ ಎಂಬ ವಿವರ, ಪರವಾನಗಿ ಕೇಳಿದ್ದ ಇವ್ಯಾವುವೂ ಅದರಲ್ಲಿ ಇರಲಿಲ್ಲ. ಕೆಳಗಿನ ಕೋರ್ಟು ಇದು ಹೆಚ್ಚೆಂದರೆ ಕರಾರು ಮುರಿದ ವಿಚಾರ ಎಂಬ ಕಡೆ ವಾಲಿತು. ಆದರೆ 2008ರ ಆಗಸ್ಟ್ 13ರಂದು ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತೆಗೆದುಹಾಕಿತು. ಹಣ ಕೇಳಲಿಲ್ಲ ಎಂದ ಮಾತ್ರಕ್ಕೆ ಷರತ್ತಿಗೆ ಬೆಲೆ ಇಲ್ಲ ಎನ್ನಲಾಗದು. ಹೆಸರು ಉಳಿಸುವುದು ಅನುಮತಿಗೆ ಅಂಟಿಕೊಂಡ ಷರತ್ತು, ಅದನ್ನು ಮೀರಿ ಹಂಚಿದವರು ಕೃತಿಸ್ವಾಮ್ಯವನ್ನೇ ಮೀರಿದಂತೆ ಎಂಬುದು ಅದರ ಸಾರ. 2010ರಲ್ಲಿ ಕಾಟ್ಜರ್ 1 ಲಕ್ಷ ಡಾಲರ್ ಕೊಡಲು ಒಪ್ಪಿ ರಾಜಿಯಾದರು.

ಪರವಾನಗಿಯ ಪುಟ ಕಿತ್ತರೆ ಏನಾಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ಪುಟದ ಜತೆಗೇ ಅನುಮತಿಯೂ ಹೋಗುತ್ತದೆ. ನಿನ್ನೆಯವರೆಗೆ ಸಕ್ರಮವಾಗಿದ್ದ ಆ್ಯಪ್ ಇಂದು ಕಳ್ಳ ನಕಲಾಗುತ್ತದೆ. ನಮ್ಮ ಕಾಯ್ದೆಯ 57ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಕ್ಕನ್ನು ಬೇರೆಯವರಿಗೆ ಬರೆದುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ಕರ್ತೃವಿಗೆ ಉಳಿಸುತ್ತದೆ.

ಹೆಸರು ಉಳಿಸಿ ಎನ್ನುವವರು

ಪರವಾನಗಿಗಳ ಹೆಸರು ನೂರಾರಿದ್ದರೂ ಆ್ಯಪ್‌ಗಳಲ್ಲಿ ಹೆಚ್ಚಾಗಿ ಕಾಣುವವು ಬೆರಳೆಣಿಕೆಯಷ್ಟು. ಎಂಐಟಿ, ಬಿಎಸ್‌ಡಿ, ಅಪಾಚೆ ಈ ಮೂರು ಮುಚ್ಚಿದ ಆ್ಯಪ್‌ಗೆ ಅಡ್ಡಿ ಮಾಡುವುದಿಲ್ಲ. ನಿಮ್ಮ ಕೋಡನ್ನು ತೋರಿಸಬೇಕಿಲ್ಲ, ಮಾರಬಹುದು. ಎಂಐಟಿ ಪರವಾನಗಿ ಕೇಳುವುದು ಒಂದೇ: ಕೃತಿಸ್ವಾಮ್ಯದ ಸೂಚನೆ ಮತ್ತು ಈ ಪತ್ರ ಪ್ರತಿಯೊಂದು ನಕಲಿನಲ್ಲೂ ಇರಬೇಕು. ಬಿಎಸ್‌ಡಿ ಕೇಳುವುದೂ ಹೆಚ್ಚುಕಡಿಮೆ ಅದನ್ನೇ. 2004ರ ಅಪಾಚೆ ಎರಡನೇ ಆವೃತ್ತಿ ಇನ್ನೂ ಎರಡು ವಿಷಯ ಸೇರಿಸುತ್ತದೆ. ಲೈಬ್ರರಿಯ ಜತೆ ‘ನೋಟಿಸ್’ ಎಂಬ ಕಡತವಿದ್ದರೆ ಅದರಲ್ಲಿರುವ ಹೆಸರುಗಳನ್ನೂ ದಾಟಿಸಬೇಕು, ತಿದ್ದಿದ ಕಡತದಲ್ಲಿ ತಿದ್ದಿದ್ದೇವೆ ಎಂದು ಬರೆಯಬೇಕು. ಕೋಡು ಕೊಟ್ಟವರು ಅದಕ್ಕೆ ಸಂಬಂಧಿಸಿದ ತಮ್ಮ ಪೇಟೆಂಟುಗಳನ್ನು ಬಳಸಲೂ ಇಲ್ಲಿ ಅನುಮತಿ ಕೊಟ್ಟಿರುತ್ತಾರೆ. ಅದೇ ಕೋಡು ನಮ್ಮ ಪೇಟೆಂಟನ್ನು ಮೀರುತ್ತದೆ ಎಂದು ನಾವು ಕೇಸು ಹಾಕಿದರೆ ಆ ಅನುಮತಿ ರದ್ದು.

ಇಷ್ಟು ಸುಲಭವಾದದ್ದನ್ನೂ ಜನ ತಪ್ಪುತ್ತಾರೆ. ಕಾರಣ ಕಂಪೈಲರ್. ಲೈಬ್ರರಿಯ ಮೂಲ ಕೋಡಿನಲ್ಲಿ ಪ್ರತಿ ಕಡತದ ತಲೆಯಲ್ಲಿ ಬರೆದವರ ಹೆಸರು, ಇಸವಿ, ಪರವಾನಗಿ ಟಿಪ್ಪಣಿಯಾಗಿ ಇರುತ್ತವೆ. ಟಿಪ್ಪಣಿ ಮನುಷ್ಯರಿಗಾಗಿ ಇರುವುದರಿಂದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವಾಗ ಕಂಪೈಲರ್ ಅದನ್ನು ಬಿಟ್ಟುಬಿಡುತ್ತದೆ. ಆ್ಯಪ್ ಅಂಗಡಿಗೆ ಹೋಗುವ ಕಡತದಲ್ಲಿ ಕೆಲಸ ಮಾಡುವ ಕೋಡು ಇರುತ್ತದೆ, ಬರೆದವರ ಹೆಸರು ಇರುವುದಿಲ್ಲ. ಯಾರೂ ಬೇಕೆಂದು ಅಳಿಸಲಿಲ್ಲ, ಆದರೂ ಅಳಿಸಿಹೋಗಿದೆ. ಅಳಿದದ್ದನ್ನು ಇನ್ನೊಂದು ಕಡೆ ಮತ್ತೆ ಮುದ್ರಿಸಿ ಷರತ್ತು ಪೂರೈಸಲೆಂದೇ ಆ ಉದ್ದದ ಪುಟ ಹುಟ್ಟಿಕೊಂಡಿತು. ಬಿಎಸ್‌ಡಿ ಪರವಾನಗಿ ಇದನ್ನು ಬಿಡಿಸಿಯೇ ಹೇಳುತ್ತದೆ: ಯಂತ್ರರೂಪದಲ್ಲಿ ಹಂಚುವವರು ಈ ಸೂಚನೆಯನ್ನು ಜತೆಗಿರುವ ದಾಖಲೆಯಲ್ಲಿ ಕೊಡಬೇಕು.

ಆ್ಯಪ್‌ನೊಳಗೆ ಪುಟ ಬೇಡ, ನಮ್ಮ ವೆಬ್‌ಸೈಟಿನಲ್ಲಿ ಹಾಕುತ್ತೇವೆ ಎನ್ನುವವರಿದ್ದಾರೆ. ಪರವಾನಗಿಯ ಮಾತು ಪ್ರತಿಯ ಜತೆ ಇರಬೇಕು ಎಂದಿರುವಾಗ ಈ ಅಡ್ಡದಾರಿ ನನಗೆ ಒಪ್ಪಿಗೆಯಾಗುವುದಿಲ್ಲ. ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಆ್ಯಪ್ ತೆರೆದವರಿಗೂ ಆ ಹೆಸರುಗಳು ಸಿಗಬೇಕು.

ಹೆಸರು ಉಳಿಸುವ ಷರತ್ತು ಅತಿಯಾದರೆ ಏನಾಗುತ್ತದೆ ಎಂಬುದಕ್ಕೂ ಚರಿತ್ರೆಯಲ್ಲಿ ಒಂದು ನಿದರ್ಶನವಿದೆ. ಮೂಲ ಬಿಎಸ್‌ಡಿ ಪರವಾನಗಿ ಜಾಹೀರಾತಿನಲ್ಲೂ ಹೆಸರು ಹಾಕಬೇಕೆಂದು ಕೇಳುತ್ತಿತ್ತು. ಪ್ರತಿಯೊಬ್ಬರೂ ತಮ್ಮ ತಮ್ಮ ಹೆಸರಿಟ್ಟು ಅದನ್ನೇ ನಕಲು ಮಾಡುತ್ತಾ ಹೋದದ್ದರಿಂದ ನೆಟ್‌ಬಿಎಸ್‌ಡಿ ಎಂಬ ಕಾರ್ಯಾಚರಣೆ ವ್ಯವಸ್ಥೆಯ 1997ರ ಆವೃತ್ತಿಯೊಂದರಲ್ಲಿ ಇಂಥ 75 ಬೇಡಿಕೆಗಳನ್ನು ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಎಣಿಸಿದರು. 1999ರಲ್ಲಿ, ಆ ಪರವಾನಗಿ ಹುಟ್ಟಿದ ಬರ್ಕ್ಲಿ ವಿಶ್ವವಿದ್ಯಾಲಯ ಆ ಷರತ್ತನ್ನು ಕೈಬಿಟ್ಟಿತು. ಇನ್ನೊಂದು ತುದಿಯಲ್ಲಿ ಎಸ್‌ಕ್ಯುಲೈಟ್ ಇದೆ. ಅದನ್ನು ಬರೆದ ರಿಚರ್ಡ್ ಹಿಪ್ ಎಲ್ಲ ಹಕ್ಕನ್ನೂ ಬಿಟ್ಟುಕೊಟ್ಟಿದ್ದಾರೆ. ಅದಕ್ಕೆ ಷರತ್ತೇ ಇಲ್ಲ.

ಕೋಡನ್ನೂ ಕೊಡಿ ಎನ್ನುವವರು

ಸ್ಟಾಲ್‌ಮನ್ ಬಯಸಿದ್ದು ಹೆಸರಿಗಿಂತ ದೊಡ್ಡದನ್ನು. ಅವರು ಎಂಐಟಿಯ ಪ್ರಯೋಗಾಲಯದಲ್ಲಿದ್ದಾಗ ಅಲ್ಲಿಗೆ ಬಂದ ಹೊಸ ಪ್ರಿಂಟರಿನ ತಂತ್ರಾಂಶದ ಮೂಲ ಕೋಡು ಅವರಿಗೆ ಸಿಗಲಿಲ್ಲ. ಹಳೆಯ ಪ್ರಿಂಟರಿಗೆ ತಾವೇ ಮಾಡಿಕೊಂಡಿದ್ದ ತಿದ್ದುಪಡಿಯನ್ನು ಹೊಸದಕ್ಕೆ ಮಾಡಲು ಆಗಲಿಲ್ಲ. ಬಳಸುವವರಿಗೆ ತಿದ್ದುವ ಶಕ್ತಿ ಇರಲೇಬೇಕು ಎಂಬ ಹಟದಿಂದ 1983ರಲ್ಲಿ ಮುಕ್ತ ತಂತ್ರಾಂಶ ಕಟ್ಟುವ ಗ್ನು ಯೋಜನೆ ಆರಂಭವಾಯಿತು, 1989ರಲ್ಲಿ ಜಿಪಿಎಲ್ ಎಂಬ ಪರವಾನಗಿ ಬಂತು. ಇಂದು ಹೆಚ್ಚು ಬಳಕೆಯಲ್ಲಿರುವವು 1991ರ ಎರಡನೇ ಮತ್ತು 2007ರ ಮೂರನೇ ಆವೃತ್ತಿಗಳು.

ಜಿಪಿಎಲ್‌ನ ಷರತ್ತು ಹೀಗಿದೆ: ಈ ಕೋಡನ್ನು ಸೇರಿಸಿಕೊಂಡು ಮಾಡಿದ್ದನ್ನು ನೀವು ಹಂಚಿದರೆ, ಪಡೆದವರಿಗೆ ಇಡೀ ಕೃತಿಯ ಮೂಲ ಕೋಡನ್ನೂ ಇದೇ ಪರವಾನಗಿಯಲ್ಲಿ ಕೊಡಬೇಕು. ಎರಡನೇ ಆವೃತ್ತಿಯ ಪ್ರಕಾರ ಕೋಡನ್ನು ಜತೆಯಲ್ಲೇ ಕೊಡಬಹುದು, ಅಥವಾ ಕೇಳಿದವರಿಗೆ ಕೊಡುತ್ತೇವೆ ಎಂದು ಕನಿಷ್ಠ ಮೂರು ವರ್ಷದ ಲಿಖಿತ ಭರವಸೆ ನೀಡಬಹುದು. ಆಂಡ್ರಾಯ್ಡ್ ಫೋನಿನ ತಳದಲ್ಲಿರುವ ಲಿನಕ್ಸ್ ಕರ್ನೆಲ್ ಇದೇ ಪರವಾನಗಿಯದು. ನಿಮ್ಮ ಫೋನಿನ ಕರ್ನೆಲ್ ಕೋಡನ್ನು ತಯಾರಕರಿಂದ ಕೇಳಿ ಪಡೆಯುವ ಅವಕಾಶ ನಿಮಗಿರುವುದು ಈ ಸಾಲಿನಿಂದ.

‘ಹಂಚಿದರೆ’ ಎಂಬ ಮಾತನ್ನು ಗಮನಿಸಿ. ಕಂಪನಿಯೊಂದು ಜಿಪಿಎಲ್ ಕೋಡನ್ನು ತನ್ನ ಸರ್ವರಿನಲ್ಲಿ ಎಷ್ಟು ತಿದ್ದಿ ಓಡಿಸಿದರೂ ಯಾರಿಗೂ ಕೋಡು ಕೊಡಬೇಕಿಲ್ಲ, ಏಕೆಂದರೆ ಪ್ರತಿ ಹೊರಗೆ ಹೋಗಿಲ್ಲ. ವೆಬ್‌ಸೈಟ್ ಕಟ್ಟುವವರು ವರ್ಷಗಟ್ಟಲೆ ಇದೇ ನೆಮ್ಮದಿಯಲ್ಲಿ ಬದುಕಿರುತ್ತಾರೆ. ಅವರೇ ಆ್ಯಪ್ ಕಟ್ಟಲು ಬಂದಾಗ ನೆಲವೇ ಬದಲಾಗಿರುತ್ತದೆ. ಇಲ್ಲಿ ಯಾರೋ ‘ಇನ್‌ಸ್ಟಾಲ್’ ಒತ್ತಿದಾಗಲೆಲ್ಲ ಒಂದು ಪ್ರತಿ ಹಂಚಿದಂತಾಯಿತು. ಸರ್ವರಿನಲ್ಲಿ ಸದ್ದಿಲ್ಲದೆ ಇದ್ದ ಲೈಬ್ರರಿ ಆ್ಯಪ್‌ನೊಳಗೆ ಬಂದ ಕೂಡಲೇ ಅದರ ಎಲ್ಲ ಷರತ್ತುಗಳೂ ಜೀವ ಪಡೆಯುತ್ತವೆ. ಆ್ಯಪ್‌ಗಳ ಮಟ್ಟಿಗೆ ಬೇರೆಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಇದು.

ಅತಿ ಹೆಚ್ಚು ಎಡವುವ ಜಾಗ ಪಿಡಿಎಫ್. ರಸೀದಿ ಅಥವಾ ವರದಿಯನ್ನು ಪಿಡಿಎಫ್ ಮಾಡಿ ಕೊಡಿ ಎಂದು ಗ್ರಾಹಕರು ಕೇಳುತ್ತಾರೆ, ಡೆವಲಪರ್ ಹುಡುಕಿದಾಗ ‘ಐಟೆಕ್ಸ್ಟ್’, ‘ಮ್ಯುಪಿಡಿಎಫ್’ ಹೆಸರುಗಳು ಸಿಗುತ್ತವೆ. ಎರಡೂ ಒಳ್ಳೆಯ ಲೈಬ್ರರಿಗಳು, ಎರಡೂ ಎಜಿಪಿಎಲ್. ಸರ್ವರಿನಲ್ಲಿ ಓಡಿಸಿ ಬಳಕೆದಾರರಿಗೆ ನೆಟ್‌ವರ್ಕ್ ಮೂಲಕ ಒದಗಿಸಿದರೂ ತಿದ್ದಿದ ಕೋಡು ಕೊಡಬೇಕು ಎನ್ನುವ ಇನ್ನೂ ಬಿಗಿಯಾದ ಪರವಾನಗಿ ಅದು. ಮುಚ್ಚಿದ ಆ್ಯಪ್ ಮಾಡುವವರು ಆ ಕಂಪನಿಗಳಿಂದ ಹಣ ಕೊಟ್ಟು ಬೇರೆ ಪರವಾನಗಿ ಕೊಳ್ಳಬಹುದು, ಬೆಲೆ ಇರುವುದೇ ಅಲ್ಲಿ. ಐಟೆಕ್ಸ್ಟ್ ಕಥೆಯಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. 2009ರ ಕೊನೆಯವರೆಗೆ ಅದರ ಪರವಾನಗಿ ಸಡಿಲವಾಗಿತ್ತು, ಐದನೇ ಆವೃತ್ತಿಯಿಂದ ಬಿಗಿಯಾಯಿತು. ಪರವಾನಗಿ ಅಂಟಿಕೊಂಡಿರುವುದು ಆವೃತ್ತಿಗೆ. ಅಪ್‌ಡೇಟ್ ಮಾಡುವಾಗ ಒಂದು ಅಂಕಿ ಬದಲಾಯಿಸಿದರೆ ಒಪ್ಪಿಕೊಂಡ ಷರತ್ತೂ ಬದಲಾಗಿರಬಹುದು.

ಒಂದು ಪ್ಲೇಯರ್ ಅಂಗಡಿಯಿಂದ ಇಳಿದದ್ದು

ಜಿಪಿಎಲ್ ಮತ್ತು ಆ್ಯಪ್ ಅಂಗಡಿ ಮುಖಾಮುಖಿಯಾದ ಪ್ರಸಿದ್ಧ ಪ್ರಸಂಗ ವಿಎಲ್‌ಸಿಯದು. ಯಾವ ವಿಡಿಯೊ ಕೊಟ್ಟರೂ ತೋರಿಸುವ, ಕಿತ್ತಳೆ ಬಣ್ಣದ ರಸ್ತೆ ಶಂಕುವಿನ ಗುರುತಿರುವ ಆ ಪ್ಲೇಯರ್ 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸೆಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಪ್ರಾಜೆಕ್ಟಾಗಿ ಶುರುವಾಯಿತು. 2001ರಲ್ಲಿ ಜಿಪಿಎಲ್ ಅಡಿ ಬಿಡುಗಡೆಯಾಗಿ, ಲೋಕದ ಅನೇಕ ಕಡೆಯವರು ಕೋಡು ಸೇರಿಸುತ್ತಾ ಬಂದರು. 2010ರ ಸೆಪ್ಟೆಂಬರಿನಲ್ಲಿ ಅಪ್ಲಿಡಿಯಂ ಎಂಬ ಫ್ರೆಂಚ್ ಕಂಪನಿ ಅದನ್ನು ಐಪ್ಯಾಡಿಗೆ ಒಗ್ಗಿಸಿ ಆ್ಯಪಲ್ಲಿನ ಅಂಗಡಿಯಲ್ಲಿಟ್ಟಿತು, ಬೆಲೆ ಇಲ್ಲದೆ, ಮೂಲ ಕೋಡನ್ನೂ ಬಹಿರಂಗಪಡಿಸಿ. ಹೊರನೋಟಕ್ಕೆ ಎಲ್ಲ ಸರಿಯಾಗಿತ್ತು.

ವಿಎಲ್‌ಸಿಗೆ ಬಹಳ ಕೋಡು ಬರೆದವರಲ್ಲಿ ಒಬ್ಬರಾದ ರೆಮಿ ಡೆನಿ-ಕೂರ್ಮೋ ಒಪ್ಪಲಿಲ್ಲ. ಜಿಪಿಎಲ್ ಎರಡನೇ ಆವೃತ್ತಿಯ ಆರನೇ ಕಲಮು, ಪಡೆದವರ ಹಕ್ಕಿನ ಮೇಲೆ ನೀವು ಹೊಸ ನಿರ್ಬಂಧ ಹೇರುವಂತಿಲ್ಲ ಎನ್ನುತ್ತದೆ. ಆ್ಯಪಲ್ಲಿನ ಅಂಗಡಿಯ ನಿಯಮಗಳೋ, ಇಳಿಸಿಕೊಂಡ ಆ್ಯಪ್ ಅನ್ನು ಎಷ್ಟು ಸಾಧನಗಳಲ್ಲಿ ಬಳಸಬಹುದು, ಹೇಗೆ ಬಳಸಬಹುದು ಎಂದು ಮಿತಿ ಹಾಕುತ್ತಿದ್ದವು, ನಕಲು ತಡೆಯುವ ಬೀಗವೂ ಇತ್ತು. ಜಿಪಿಎಲ್ ಕೊಟ್ಟದ್ದನ್ನು ಅಂಗಡಿ ಕಸಿಯುತ್ತಿದೆ ಎಂದು ಅವರು ಅಕ್ಟೋಬರ್ ಕೊನೆಯಲ್ಲಿ ಆ್ಯಪಲ್ಲಿಗೆ ಕೃತಿಸ್ವಾಮ್ಯದ ದೂರು ಕೊಟ್ಟರು. 2011ರ ಜನವರಿಯಲ್ಲಿ ಆ್ಯಪಲ್ ವಿಎಲ್‌ಸಿಯನ್ನು ಅಂಗಡಿಯಿಂದ ತೆಗೆಯಿತು.

ಅವರ ಮೇಲೆ ಬಹಳ ಜನ ಸಿಟ್ಟಾದರು. ಲಕ್ಷಾಂತರ ಬಳಕೆದಾರರಿಗೆ ಒಳ್ಳೆಯ ಪ್ಲೇಯರ್ ತಪ್ಪಿಸಿದರು ಎಂಬ ದೂರು ಸುಳ್ಳಲ್ಲ. ಆದರೂ ನನ್ನ ಮಟ್ಟಿಗೆ ಅವರ ವಾದ ಸರಿ. ನೂರಾರು ಜನ ಒಂದು ಷರತ್ತನ್ನು ನಂಬಿ ಬಿಟ್ಟಿಯಾಗಿ ದುಡಿದಿರುವಾಗ, ಅನುಕೂಲ ನೋಡಿಕೊಂಡು ಆ ಷರತ್ತನ್ನು ಮರೆಯುವ ಅಧಿಕಾರ ಅವರಲ್ಲಿ ಯಾರೊಬ್ಬರಿಗೂ ಇಲ್ಲ.

ಮುಂದೆ ನಡೆದದ್ದೇ ಇದಕ್ಕೆ ಸಾಕ್ಷಿ. ವಿಎಲ್‌ಸಿಯನ್ನು ಆ್ಯಪಲ್ಲಿನ ಅಂಗಡಿಗೆ ಮತ್ತೆ ತರಬೇಕಾದರೆ ಅದರ ಪರವಾನಗಿಯನ್ನೇ ಬದಲಿಸಬೇಕಿತ್ತು. ಪ್ರತಿಯೊಬ್ಬರೂ ತಾವು ಬರೆದ ಸಾಲುಗಳ ಹಕ್ಕುದಾರರು, ಹಾಗಾಗಿ ಪ್ರತಿಯೊಬ್ಬರ ಒಪ್ಪಿಗೆ ಬೇಕು. ವಿಎಲ್‌ಸಿಯ ಮುಂದಾಳು ಜೀನ್-ಬ್ಯಾಪ್ಟಿಸ್ಟ್ ಕೆಂಪ್ಫ್ ಹತ್ತು ಹದಿನೈದು ವರ್ಷಗಳ ಕೋಡಿನ ಇತಿಹಾಸ ಕೆದಕಿ, ಚೆದುರಿಹೋಗಿದ್ದ ನೂರಾರು ಜನರನ್ನು ಪತ್ತೆ ಹಚ್ಚಿ ಒಪ್ಪಿಗೆ ಪಡೆಯುವ ಕೆಲಸಕ್ಕೆ ಕೂತರು. 2011ರ ಕೊನೆಗೆ ವಿಎಲ್‌ಸಿಯ ತಿರುಳಾದ ಎಂಜಿನ್ನು, 2012ರಲ್ಲಿ ಅದರ ಬಹುಪಾಲು ಅಂಗಗಳು ಎಲ್‌ಜಿಪಿಎಲ್ ಎಂಬ ಸಡಿಲ ಪರವಾನಗಿಗೆ ಬಂದವು. ಕೆಲವು ಹಳೆಯದರಲ್ಲೇ ಉಳಿದವು. 2013ರ ಜುಲೈನಲ್ಲಿ ವಿಎಲ್‌ಸಿ ಆ ಅಂಗಡಿಗೆ ಮರಳಿತು. ಎರಡೂವರೆ ವರ್ಷ ಹಿಡಿದದ್ದಕ್ಕೆ ದೊಡ್ಡ ಕಾರಣ ಅನುಮತಿ.

ನಡುದಾರಿಯ ಬಿಕ್ಕಟ್ಟು

ಎಲ್‌ಜಿಪಿಎಲ್ ಇರುವುದೇ ಲೈಬ್ರರಿಗಳಿಗಾಗಿ. ನಿಮ್ಮ ಆ್ಯಪ್ ಮುಚ್ಚಿದ್ದೇ ಇರಲಿ, ಲೈಬ್ರರಿಯಲ್ಲಿ ನೀವು ಮಾಡಿದ ತಿದ್ದುಪಡಿ ಮಾತ್ರ ತೆರೆದಿರಲಿ ಎನ್ನುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಬಳಕೆದಾರರು ಆ ಲೈಬ್ರರಿಯ ಜಾಗದಲ್ಲಿ ತಾವು ತಿದ್ದಿದ ಲೈಬ್ರರಿಯನ್ನು ಇಟ್ಟು ನಿಮ್ಮ ಆ್ಯಪ್ ಓಡಿಸಲು ಸಾಧ್ಯವಾಗಬೇಕು ಎಂದೂ ಕೇಳುತ್ತದೆ. ಲೈಬ್ರರಿ ಬೇರೆ ಕಡತವಾಗಿದ್ದರೆ ಇದು ಆದೀತು. ಆ್ಯಪ್‌ನ ಕೋಡಿನೊಳಗೆ ಕರಗಿಹೋಗಿದ್ದರೆ, ಮತ್ತೆ ಜೋಡಿಸಲು ಬೇಕಾದ ಅರೆಸಿದ್ಧ ಕಡತಗಳನ್ನು ನೀವು ಕೊಡಬೇಕಾಗುತ್ತದೆ.

ಆಂಡ್ರಾಯ್ಡಿನಲ್ಲಿ ಸಿ ಭಾಷೆಯ ಲೈಬ್ರರಿಗಳು ಸಾಮಾನ್ಯವಾಗಿ ಬೇರೆ ಕಡತಗಳಾಗಿ ಇರುತ್ತವೆ. ಆ್ಯಪ್ ಅನ್ನು ಬಿಚ್ಚಿ, ಕಡತ ಬದಲಿಸಿ, ತಮ್ಮದೇ ಸಹಿ ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಲು ಜಾಣರಿಗೆ ದಾರಿಯಿದೆ. ಐಫೋನಿನಲ್ಲಿ ಬಹುಕಾಲ ಎಲ್ಲವನ್ನೂ ಒಂದೇ ಕಡತಕ್ಕೆ ಬೆಸೆಯಬೇಕಿತ್ತು. 2014ರ ಐಒಎಸ್ 8ರಿಂದ ಬೇರೆ ಇಡಬಹುದಾದರೂ ಆ್ಯಪಲ್ಲಿನ ಸಹಿಯ ವ್ಯವಸ್ಥೆ ಬಳಕೆದಾರರ ಕೈ ಕಟ್ಟಿದೆ. ಇಲ್ಲಿ ಎಲ್‌ಜಿಪಿಎಲ್ ಷರತ್ತು ಪೂರ್ತಿ ಸಲ್ಲುತ್ತದೆಯೇ ಎಂಬುದರಲ್ಲಿ ವಕೀಲರಲ್ಲೇ ಭಿನ್ನಾಭಿಪ್ರಾಯವಿದೆ. ಐಫೋನಿನ ಮುಚ್ಚಿದ ಆ್ಯಪ್‌ಗೆ ಎಲ್‌ಜಿಪಿಎಲ್ ಲೈಬ್ರರಿ ಬೇಡವೇ ಬೇಡ ಎಂದು ನಿಯಮ ಮಾಡಿಕೊಂಡ ಕಂಪನಿಗಳದು ಅತಿ ಎಚ್ಚರಿಕೆ ಎಂದು ನನಗನ್ನಿಸುವುದಿಲ್ಲ.

ವಿಡಿಯೊ ಕತ್ತರಿಸುವ, ಕುಗ್ಗಿಸುವ ಬಹಳಷ್ಟು ಆ್ಯಪ್‌ಗಳು ನೆಚ್ಚಿಕೊಂಡಿರುವ ಎಫ್‌ಎಫ್‌ಎಂಪೆಗ್ ಈ ಗುಂಪಿನದು. ಮಾಮೂಲಾಗಿ ಅದು ಎಲ್‌ಜಿಪಿಎಲ್. ಕಟ್ಟುವಾಗ ಜಿಪಿಎಲ್ ಭಾಗಗಳನ್ನು ಸೇರಿಸು ಎಂಬ ಒಂದು ಆಯ್ಕೆ ಕೊಟ್ಟರೆ, ಉದಾಹರಣೆಗೆ ಎಕ್ಸ್264 ಎಂಬ ಲೈಬ್ರರಿ ಸೇರಿಸಿದರೆ, ಅದರ ಪರವಾನಗಿ ಇಡಿಯಾಗಿ ಜಿಪಿಎಲ್ ಆಗುತ್ತದೆ. ಆ್ಯಪ್‌ಗಳಿಗೆಂದು ಸಿದ್ಧ ಮಾಡಿಟ್ಟ ಕೆಲವು ಪ್ಯಾಕೇಜುಗಳಲ್ಲಿ ಇವೆರಡರ ನಡುವಿನ ವ್ಯತ್ಯಾಸ ಹೆಸರಿನ ಬಾಲದಲ್ಲಿರುವ ‘ಜಿಪಿಎಲ್’ ಎಂಬ ಮೂರಕ್ಷರವಷ್ಟೇ. ಇಂಟರ್ನೆಟ್ಟಿನಲ್ಲಿ ಸಿಕ್ಕ ಉದಾಹರಣೆಯಿಂದ ಒಂದು ಸಾಲು ನಕಲು ಮಾಡಿದವರ ಆ್ಯಪ್ ಆ ಮೂರಕ್ಷರದಿಂದ ತನ್ನ ಕೋಡನ್ನೆಲ್ಲ ಬಯಲಿಗಿಡಬೇಕಾದ ಸ್ಥಿತಿಗೆ ಬರಬಹುದು.

ಪತ್ತೆಯಾಗುತ್ತದೆಯೇ?

ಮುಚ್ಚಿದ ಆ್ಯಪ್‌ನೊಳಗೆ ಏನಿದೆ ಎಂದು ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯ ಬೇಡ. ಆಂಡ್ರಾಯ್ಡ್ ಆ್ಯಪ್‌ನ ಕಡತ ಒಂದು ಜಿಪ್ ಕಡತ. ಬಿಚ್ಚಿದರೆ ಲೈಬ್ರರಿಗಳ ಹೆಸರುಗಳೇ ಕಾಣುತ್ತವೆ, ಯಂತ್ರಭಾಷೆಯ ನಡುವೆ ಆವೃತ್ತಿ ಸಂಖ್ಯೆ, ದೋಷ ಸೂಚಿಸುವ ವಾಕ್ಯಗಳು ಹಾಗೇ ಉಳಿದಿರುತ್ತವೆ. ಜರ್ಮನಿಯ ಹಾರಾಲ್ಡ್ ವೆಲ್ಟೆ ತಮ್ಮ ಜಿಪಿಎಲ್ ಕೋಡನ್ನು ರೌಟರುಗಳೊಳಗೆ ಪತ್ತೆ ಹಚ್ಚಿ 2004ರಲ್ಲಿ ಮ್ಯೂನಿಕ್ ಕೋರ್ಟಿನಲ್ಲಿ ಸೈಟ್‌ಕಾಮ್ ಕಂಪನಿಯ ವಿರುದ್ಧ ತಡೆಯಾಜ್ಞೆ ಪಡೆದರು. ಜಿಪಿಎಲ್ ಅನ್ನು ನ್ಯಾಯಾಲಯವೊಂದು ಎತ್ತಿಹಿಡಿದ ಮೊದಲ ತೀರ್ಪುಗಳಲ್ಲಿ ಅದೂ ಒಂದು. ಮೊದಲು ರೌಟರು ಮಾರುವವರಿಗೆ ಇದ್ದ ಹೊಣೆ ಈಗ ಆ್ಯಪ್ ಮಾಡುವ ಪ್ರತಿ ತಂಡದ ಮೇಲಿದೆ.

ಮಾಡಬೇಕಾದ ಕೆಲಸವೇನೂ ಭಾರವಲ್ಲ. ಆ್ಯಪ್ ಕಟ್ಟುವಾಗಲೇ ಲೈಬ್ರರಿಗಳನ್ನೂ ಅವುಗಳ ಪರವಾನಗಿಗಳನ್ನೂ ಪಟ್ಟಿ ಮಾಡಿ ಪುಟ ತಯಾರಿಸುವ ಸಾಧನಗಳು ಬಿಟ್ಟಿಯಾಗಿ ಸಿಗುತ್ತವೆ: ಆಂಡ್ರಾಯ್ಡಿಗೆ ಗೂಗಲ್ಲೇ ಕೊಟ್ಟ ಪ್ಲಗಿನ್ ಇದೆ, ಐಫೋನಿಗೆ ಲೈಸೆನ್ಸ್‌ಪ್ಲಿಸ್ಟ್ ಇದೆ, ಎರಡಕ್ಕೂ ಆ್ಯಪ್ ಕಟ್ಟುವ ಫ್ಲಟರಿನಲ್ಲಿ ಅಂಥದ್ದು ಒಳಗೇ ಇದೆ. ಆದರೆ ಯಂತ್ರಕ್ಕೆ ಕಾಣುವುದು ಹೆಸರು ಹೇಳಿ ಸೇರಿಸಿದ ಲೈಬ್ರರಿಗಳು ಮಾತ್ರ. ಕೈಯಾರೆ ತಂದಿಟ್ಟ ಸಿ ಕಡತ, ಫಾಂಟು, ಚಿತ್ರ, ಬೇರೆ ಕಡೆಯಿಂದ ಅಂಟಿಸಿದ ಇಪ್ಪತ್ತು ಸಾಲು ಕಾಣುವುದಿಲ್ಲ. ಸ್ಟ್ಯಾಕ್ ಓವರ್‌ಫ್ಲೋ ತಾಣದ ಉತ್ತರಗಳಿಗೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಿದೆ, ಹೆಸರು ಹೇಳಬೇಕು ಮತ್ತು ಅದೇ ಷರತ್ತಿನಲ್ಲಿ ಹಂಚಬೇಕು ಎಂದು ಅದು ಕೇಳುತ್ತದೆ. ಇದು ಬಹಳ ಡೆವಲಪರುಗಳಿಗೆ ಗೊತ್ತೇ ಇಲ್ಲ. ತಂತ್ರಾಂಶದೊಳಗೆ ಏನೇನಿದೆ ಎಂಬ ಘಟಕಪಟ್ಟಿ ಇಟ್ಟುಕೊಳ್ಳುವ ಬಗ್ಗೆ ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರ ಉದ್ದೇಶ ಮುಖ್ಯವಾಗಿ ಭದ್ರತೆ, ಆದರೆ ಅದೇ ಪಟ್ಟಿ ಪರವಾನಗಿಯ ಕೆಲಸಕ್ಕೂ ಬರುತ್ತದೆ.

ಈಗಾಗಲೇ ಹಂಚಿದ ಆ್ಯಪ್‌ನಲ್ಲಿ ತಪ್ಪು ಕಂಡವರು ಮುಚ್ಚಿಡಲು ಹೋಗಬಾರದು. ಜಿಪಿಎಲ್ ಎರಡನೇ ಆವೃತ್ತಿಯಲ್ಲಿ ಷರತ್ತು ಮೀರಿದ ಕೂಡಲೇ ಅನುಮತಿ ರದ್ದಾಗುತ್ತದೆ, ಮರಳಿ ಸಿಗುವ ದಾರಿ ಹೇಳಿಲ್ಲ. ಮೂರನೇ ಆವೃತ್ತಿ ಆ ದಾರಿ ತೆರೆದಿದೆ: ಮೊದಲ ಸಲ ನೋಟಿಸ್ ಬಂದವರು 30 ದಿನದೊಳಗೆ ಸರಿಪಡಿಸಿದರೆ ಅನುಮತಿ ಶಾಶ್ವತವಾಗಿ ಮರಳುತ್ತದೆ. ರೆಡ್ ಹ್ಯಾಟ್, ಗೂಗಲ್, ಫೇಸ್‌ಬುಕ್, ಐಬಿಎಂ 2017ರ ನವೆಂಬರಿನಲ್ಲಿ, ತಮ್ಮ ಹಕ್ಕಿರುವ ಎರಡನೇ ಆವೃತ್ತಿಯ ಕೋಡಿಗೂ ಈ ರಿಯಾಯಿತಿ ಕೊಡುವುದಾಗಿ ಘೋಷಿಸಿದವು. ಆ್ಯಪ್ ಬರೆಯುವವರು ಮುಂದಿನ ಆವೃತ್ತಿಯನ್ನು ಅಂಗಡಿಗೆ ಕಳಿಸುವ ಮುನ್ನ ತಮ್ಮ ಪರವಾನಗಿಯ ಪುಟವನ್ನು ಲೈಬ್ರರಿಗಳ ಪಟ್ಟಿಯ ಪಕ್ಕದಲ್ಲಿಟ್ಟು ಒಂದೊಂದೇ ಹೆಸರು ತಾಳೆ ನೋಡಿ. ಪಟ್ಟಿಯಲ್ಲಿದ್ದು ಪುಟದಲ್ಲಿಲ್ಲದ ಹೆಸರು ಸಿಕ್ಕರೆ, ಅದನ್ನು ಸೇರಿಸಿದ ಮೇಲೆಯೇ ಆ್ಯಪ್ ಕಳಿಸಿ.